ಬೀಡಿನ ಶಾಲೆಗೆ ಬಂದ ಬೆಂಚು

ಚೆನ್ನಪ್ಪ ಆಚಾರಿಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ಊರೆಲ್ಲ ಹೇಳುತ್ತಿತ್ತು. ಹೇಳಿದವರ ಬಾಯಿಗೆ ಮಣ್ಣು ಬೀಳಲಿ! ಬೆಂಚಿನ ಒಂದು ಆರ್ಡರಿಗಾಗಿ ಐದು ವರ್ಷ ಕಂಡಕಂಡವರ ಬಾಗಿಲು ಕಾದ ಮನುಷ್ಯ ಅವರು. ಸಿಟ್ಟು ಬಂದದ್ದು ಒಂದೇ ದಿನ. ಆ ದಿನ ನಾನು ಅಲ್ಲೇ ನಿಂತಿದ್ದೆ.

ಕುಂಜತ್ತೂರಿನಿಂದ ಎರಡು ಮೈಲಿ ಒಳಗಿದ್ದ ನಮ್ಮ ಶಾಲೆಯನ್ನು ಬೀಡಿನ ಶಾಲೆ ಎನ್ನುತ್ತಿದ್ದರು. ಕಟ್ಟಿಸಿದ್ದು ಊರಿನ ಜಮೀನ್ದಾರರ ಮನೆಯಾದ ಬೀಡಿನ ಮಹಾಲಿಂಗ ಆಳ್ವರು, ಮ್ಯಾನೇಜರ್ ಕೂಡ ಅವರೇ. ಸರಕಾರದ ಗ್ರಾಂಟು ಬೀಡಿಗೆ ಬರುತ್ತಿತ್ತು, ಅಲ್ಲಿಂದ ನಮಗೆ ಸಂಬಳ. ನಾನು ಒಂದನೇ ತರಗತಿಯ ಟೀಚರ್. ಮಕ್ಕಳು ಸೆಗಣಿ ಸಾರಿಸಿದ ನೆಲದಲ್ಲಿ ಕೂತು ಬರೆಯುತ್ತಿದ್ದರು. ಬೆಂಚು ಹಾಕಿಸದಿದ್ದರೆ ಆರನೇ ತರಗತಿಗೆ ಮಂಜೂರಾತಿ ಇಲ್ಲ ಎಂದು ಸಾವಿರದ ಒಂಬೈನೂರ ನಲವತ್ತೆಂಟರಲ್ಲಿ ಇನ್‌ಸ್ಪೆಕ್ಟರು ಬರೆದುಹೋದರು. ಸುದ್ದಿ ಕೇಳಿದ್ದೇ ತಡ, ಚೆನ್ನಪ್ಪ ಆಚಾರಿ ಶಾಲೆಗೆ ಬಂದರು.

ಬೆಲೆ ಬರೆದ ಚೀಟಿ ತಂದಿರಲಿಲ್ಲ, ಅವರಿಗೆ ಬರೆಯಲು ಬರುತ್ತಿರಲಿಲ್ಲ. ತಂದದ್ದು ಬಿದಿರಿನ ಸೀಳು. ಮಕ್ಕಳನ್ನು ಜಗಲಿಯ ಅಂಚಿನಲ್ಲಿ ಸಾಲಾಗಿ ಕೂರಿಸಿ, ಮಂಡಿಯ ಹಿಂಬದಿಯಿಂದ ಹಿಮ್ಮಡಿಯ ತನಕ ಒಬ್ಬೊಬ್ಬರ ಕಾಲನ್ನೂ ಅಳೆದರು. ಚಿಕ್ಕವರಿಗೊಂದು, ನಡುವಿನವರಿಗೊಂದು, ದೊಡ್ಡವರಿಗೊಂದು ಎಂದು ಮೂರು ಕೋಲು ಮಾಡಿಟ್ಟುಕೊಂಡರು.

"ಕಾಲು ನೆಲಕ್ಕೆ ತಾಗದಿದ್ರೆ ಅಕ್ಷರ ನೆಟ್ಟಗೆ ಬರುದಿಲ್ಲ ಟೀಚರೇ," ಎಂದರು.

ಟ್ರೈನಿಂಗ್ ಶಾಲೆಯಲ್ಲಿ ನಾನು ಎರಡು ವರ್ಷ ಕಲಿತದ್ದರಲ್ಲಿ ಇದು ಇರಲಿಲ್ಲ.

ಆದರೆ ಆರ್ಡರು ಕೊಡುವವರು ಯಾರು? ಹೆಡ್‌ಮಾಸ್ಟರು "ಮ್ಯಾನೇಜರರನ್ನು ಕೇಳಿ" ಎಂದರು. ಆಳ್ವರು "ಇನ್‌ಸ್ಪೆಕ್ಟರು ಹೇಳಲಿ, ನೋಡುವಾ" ಎಂದರು. ಆಚಾರಿ ಕಾಸರಗೋಡಿಗೆ ಹೋಗಿ ಇನ್‌ಸ್ಪೆಕ್ಟರರ ಆಫೀಸಿನ ಮೆಟ್ಟಿಲ ಮೇಲೆ ಮಧ್ಯಾಹ್ನದವರೆಗೆ ಕೂತರು. ಖರೀದಿಯೆಲ್ಲ ಮ್ಯಾನೇಜರರದ್ದು ಎಂಬ ಉತ್ತರ ಹೊತ್ತು ತಂದರು. ಒಂದು ವರ್ಷ ಹೀಗೇ ಅಲೆದರು. ಆಗ ಭಾರೀ ಬುದ್ಧಿವಂತೆಯ ಹಾಗೆ ನಡುವೆ ಬಾಯಿ ಹಾಕಿದವಳು ನಾನು.

"ಆಳ್ವರಿಗೆ ವಯಸ್ಸಾಯ್ತು ಆಚಾರ್ರೇ. ಅಳಿಯಸಂತಾನದ ಮನೆ ಅದು. ಅವರ ನಂತರ ಯಜಮಾನಿಕೆ ತಂಗಿಯ ಮಗ ಜಯಪಾಲರಿಗೇ ಅಲ್ವಾ? ಅವರನ್ನು ಹಿಡಿಯಿರಿ," ಎಂದೆ.

ನಮ್ಮ ಊರಿನಲ್ಲಿ ಯಾರನ್ನು ಕೇಳಿದ್ದರೂ ಇದನ್ನೇ ಹೇಳುತ್ತಿದ್ದರು. ಅಂಥ ಮನೆಗಳಲ್ಲಿ ಮಗನನ್ನು ಯಾರೂ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ.

ಆಚಾರಿ ಜಯಪಾಲರನ್ನು ಹಿಡಿದರು. ಕೊಟ್ಟಿಗೆಯ ಬಾಗಿಲು ರಿಪೇರಿ ಮಾಡಿದರು. ಭತ್ತ ತುಂಬುವ ಪತ್ತಾಯಕ್ಕೆ ಹೊಸ ಮುಚ್ಚಳ ಹಾಕಿದರು. ಮಗುವಿಗೆ ತೊಟ್ಟಿಲು ಮಾಡಿಕೊಟ್ಟರು. ಎಲ್ಲವೂ ಬಿಟ್ಟಿ. ಪ್ರತಿ ಸಲವೂ ಜಯಪಾಲರು ನಗುನಗುತ್ತಾ, "ಬೆಂಚು ನಿಮ್ಗೇ ಆಚಾರಿ, ಮರ ನೋಡಿ ಇಟ್ಕೊಳ್ಳಿ" ಎನ್ನುತ್ತಿದ್ದರು. ಈ ಮಾತು ನಂಬಿ ಆಚಾರಿ ಹಿತ್ತಿಲ ಹಲಸಿನ ಮರ ಕಡಿಸಿದರು.

"ಮನೆಯ ಮಾಡು ಸೋರ್ತಾ ಉಂಟು. ಅದಕ್ಕೆ ಅಂತ ಇಟ್ಟ ಮರ ಅಲ್ವಾ ಅದು?" ಎಂದು ಅವರ ಹೆಂಡತಿ ಸುಂದರಿ ಅತ್ತರಂತೆ. ಬೆಂಚಿನ ಅಳತೆಗೆ ಸೀಳಿಸಿದ ಹಲಗೆಗಳು ಒಂದೂವರೆ ವರ್ಷ ಮನೆಯ ಅಂಗಳದ ಚಪ್ಪರದಲ್ಲಿ ಒಣಗಿದವು. ಮಳೆಗಾಲದಲ್ಲಿ ಮನೆಯವರು ಸೋರದ ಒಂದು ಮೂಲೆಯಲ್ಲಿ ಮುದುಡಿ ಮಲಗಿದರು.

ಐವತ್ತಮೂರರಲ್ಲಿ ಆಳ್ವರು ತೀರಿಕೊಂಡರು. ಉತ್ತರಕ್ರಿಯೆಯ ಬೊಜ್ಜದ ಊಟ ಮುಗಿದ ಮರುದಿನ ಆಚಾರಿ ಜಯಪಾಲರ ಮುಂದೆ ಹೋಗಿ ನಿಂತರು. ಆ ಮನುಷ್ಯ ಎಲೆಗೆ ಸುಣ್ಣ ಹಚ್ಚುತ್ತಾ, ತಲೆ ಕೂಡ ಎತ್ತದೆ ಹೇಳಿದ: "ನನ್ನ ಕೈಯಲ್ಲಿ ಎಂತ ಉಂಟು? ಕಾನೂನು ಬದಲಾಯ್ತಲ್ಲ, ಈಗ ಮಗನಿಗೂ ಕೊಡ್ಬಹುದು. ಶಾಲೆಯನ್ನು ಮಾವ ಎರಡು ವರ್ಷದ ಹಿಂದೆಯೇ ಮಗ ಪ್ರೇಮನಾಥನ ಹೆಸರಿಗೆ ಬರೆದಿದ್ದಾರೆ."

ಎರಡು ವರ್ಷ! ತೊಟ್ಟಿಲು ಮಾಡಿಸಿಕೊಂಡದ್ದು ಅದಾದ ಮೇಲೆ. ಮರ ನೋಡಿ ಇಟ್ಕೊಳ್ಳಿ ಎಂದದ್ದೂ ಅದಾದ ಮೇಲೆ. ಇವತ್ತಿಗೂ ನೆನೆದರೆ ನನಗೆ ಮೈಯೆಲ್ಲ ಉರಿಯುತ್ತದೆ.

ಆಚಾರಿ ಪ್ರೇಮನಾಥರನ್ನು ಕಾಣುವ ಮೊದಲೇ ಮಂಗಳೂರಿನ ಅಂಗಡಿಯೊಂದರಿಂದ ನಲವತ್ತು ಬೆಂಚು ರೈಲಿನಲ್ಲಿ ಬಂದಿಳಿದವು. ಮಿರಮಿರ ಮಿಂಚುವ ವಾರ್ನಿಷು, ಎಲ್ಲ ಒಂದೇ ಎತ್ತರ, ಕಚೇರಿಯ ಗುಮಾಸ್ತರಿಗೆ ಹೇಳಿ ಮಾಡಿಸಿದ ಎತ್ತರ. ನನ್ನ ಒಂದನೇ ತರಗತಿಯ ಮಕ್ಕಳ ಕಾಲು ಜೋತಾಡಿದವು. ಕಿನ್ನಿ ಎಂಬ ಪುಟ್ಟ ಹುಡುಗಿ ಜಾರಿ ಬಿದ್ದು ಗದ್ದ ಒಡೆದುಕೊಂಡಳು. ಇನ್‌ಸ್ಪೆಕ್ಟರು ಬಂದು ನೋಡಿ, ಹದಿನೈದು ದಿನದಲ್ಲಿ ಸರಿಮಾಡಿಸದಿದ್ದರೆ ಮಂಜೂರಾತಿ ಇಲ್ಲವೆಂದರು.

ಆಗ ಆಚಾರಿಯ ನೆನಪಾಯಿತು ದೊಡ್ಡವರಿಗೆ! ಪ್ರೇಮನಾಥರು ತಾವಾಗಿ ಆಚಾರಿಯ ಅಂಗಳಕ್ಕೆ ಹೊರಟರು. ಆಚಾರಿ ನನ್ನ ಮಾತು ಕೇಳುತ್ತಾರೆಂದು ಹೆಡ್‌ಮಾಸ್ಟರು ನನ್ನನ್ನೂ ಜೊತೆಗೆ ಅಟ್ಟಿದರು.

"ಬೆಂಚಿನ ಕಾಲು ಸ್ವಲ್ಪ ಕತ್ತರಿಸಿ ಕೊಡ್ಬೇಕಿತ್ತು ಆಚಾರಿ," ಎಂದರು ಪ್ರೇಮನಾಥರು.

ಆಚಾರಿ ಎದೆಯೆತ್ತರ ಪೇರಿಸಿದ್ದ ಹಲಸಿನ ಹಲಗೆಗಳನ್ನು ತೋರಿಸಿದರು. "ಕೂತ್ಕೊಳ್ಳಿ ಧನಿ."

ಪ್ರೇಮನಾಥರು ತಬ್ಬಿಬ್ಬಾಗಿ ಹತ್ತಿ ಕೂತರು. ಪಾಲಿಶ್ ಹಾಕಿದ ಬೂಟುಗಳು ಗಾಳಿಯಲ್ಲಿ ತೂಗಿದವು. ಆಚಾರಿ ಒಳಗಿಂದ ಸ್ಲೇಟು ತಂದು ಅವರ ತೊಡೆಯ ಮೇಲಿಟ್ಟರು. "ಬರೀರಿ." ಅವರು ಇಳಿಯಲು ನೋಡಿದರು.

"ಇಳಿಬೇಡಿ!" ಆಚಾರಿ ಕೂಗಿದ ಕೂಗಿಗೆ ಸುಂದರಿ ಅಡುಗೆಮನೆಯಿಂದ ಓಡಿಬಂದರು. "ಬಿದ್ದು ಗದ್ದ ಒಡೆದ ಆ ಕೂಸು ದಿನಾ ಐದು ಗಂಟೆ ಹೀಗೆ ಕೂತ್ಕೊಳ್ಳುದು. ಹೇಳುವವ ಯಾರು, ಕೊಡುವವ ಯಾರು ಅಂತ ಐದು ವರ್ಷ ನಾನು ನಾಯಿಯ ಹಾಗೆ ತಿರುಗಿದೆ. ಈಗ ನೋಡಿದ್ರೆ ಕೊಡುವವ ನೀವಂತೆ! ಆ ಬೆಂಚಿನಲ್ಲಿ ಕೂರುವ ಒಂದು ಮಗುವಿನ ಕಾಲಾದ್ರೂ ನೀವು ನೋಡಿದ್ದುಂಟಾ?"

ಪ್ರೇಮನಾಥರ ಮುಖ ಕೆಂಪಾಯಿತು. "ನನ್ನ ಮೇಲೆ ಯಾಕೆ ಹಾರುದು? ನಾನೆಂತ ಅಡಗಿ ಕೂತಿದ್ದೆನಾ? ಎರಡು ವರ್ಷದಿಂದ ಸಂಬಳದ ಪಟ್ಟಿಗೆ ಮ್ಯಾನೇಜರ್ ಅಂತ ಸಹಿ ಹಾಕುದು ನಾನೇ. ಈ ಟೀಚರು ತಿಂಗಳು ತಿಂಗಳು ಅದೇ ಪಟ್ಟಿಗೆ ಅಲ್ವಾ ಸಹಿ ಹಾಕುದು? ಕೇಳಿ ಅವರನ್ನೇ."

ಆಚಾರಿ ನನ್ನ ಕಡೆ ತಿರುಗಿದರು. ನಾನು ನೆಲದಲ್ಲಿದ್ದ ಮರದ ಹೊಟ್ಟು ನೋಡುತ್ತಾ ನಿಂತೆ. ಹೆಡ್‌ಮಾಸ್ಟರು ನನ್ನ ಹೆಸರಿನ ಮುಂದೆ ಬೆರಳಿಡುತ್ತಿದ್ದರು, ನಾನು ಸಹಿ ಗೀಚಿ, ನೋಟು ಮಡಚಿ, ಮನೆಗೆ ಹೋಗುತ್ತಿದ್ದೆ. ಅದರ ಕೆಳಗೆ ಎಂತ ಉಂಟೆಂದು ಒಂದು ದಿನವೂ ನೋಡಿರಲಿಲ್ಲ.

"ನಾಳೆ ಬೆಂಚು ಕಳಿಸಿ," ಎಂದರು ಆಚಾರಿ. ಸಿಟ್ಟೆಲ್ಲ ಇಳಿದುಹೋಗಿತ್ತು.

ಆ ಮೂರು ಕೋಲು ಹಿಡಿದು ನಾಲ್ಕು ದಿನದಲ್ಲಿ ನಲವತ್ತು ಬೆಂಚನ್ನೂ ತಗ್ಗಿಸಿದರು. ಕತ್ತರಿಸಿ ಉಳಿದ ತುಂಡುಗಳನ್ನು ಗಾಡಿಯಲ್ಲಿ ತುಂಬಿ ಬೀಡಿನ ಜಗಲಿಗೆ ಸುರಿದು, "ನೀವು ದುಡ್ಡು ಕೊಟ್ಟು ತರಿಸಿದ್ದು, ಇಟ್ಕೊಳ್ಳಿ" ಎಂದು ಬಂದರಂತೆ. ಕೇಳಿ ನನಗೆ ಹೊಟ್ಟೆ ತಣ್ಣಗಾಯಿತು. ಆದರೆ ಅವರ ಹಲಗೆಗಳು ಬೆಂಚಿಗೂ ಆಗಲಿಲ್ಲ, ಅಳತೆ ಸಾಲದೆ ಮಾಡು ಹೊರುವ ಪಕ್ಕಾಸಿಗೂ ಆಗಲಿಲ್ಲ.

ಬೀಡಿನಿಂದ ಹಿಂದಿರುಗುವಾಗ ಅವರು ನನ್ನ ಮನೆಯ ತಡಮೆಯ ಹತ್ತಿರ ನಿಂತರು. ಒಳಗೆ ಬರಲಿಲ್ಲ. ಮೂರು ಕೋಲುಗಳನ್ನು ನನ್ನ ಕೈಗೆ ಕೊಟ್ಟರು.

"ನಾನು ಓದು ಬಾರದವ ಟೀಚರೇ," ಎಂದರು. "ನಿಮಗೆ ಬರ್ತಿತ್ತಲ್ಲ?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ತಿಂಗಳ ಕೊನೆಗೆ ಪಟ್ಟಿ ಬಂದಾಗ ಮೊದಲ ಬಾರಿಗೆ ಕೆಳಗಿನ ಸಹಿ ಓದಿದೆ. 'ಪ್ರೇಮನಾಥ, ಮ್ಯಾನೇಜರ್' ಎಂದಿತ್ತು. ನನ್ನ ಒಂದನೇ ತರಗತಿಯ ಮಕ್ಕಳೂ ಓದಬಲ್ಲಂಥ ದುಂಡಗಿನ ಕನ್ನಡ ಅಕ್ಷರ.