ಬಿರುಗಾಳಿಗೆ ಪರದೆ ಹೊಲಿಯಲು ಹೊರಟಿದ್ದು

ಒದ್ದೆ ಶಾಮಿಯಾನದ ವಾಸನೆ ನಿಮಗೆ ಗೊತ್ತಿದೆಯೋ ಇಲ್ಲವೋ. ಮಣ್ಣು, ಹಗ್ಗ, ಹೋದ ವಾರದ ಬಿರಿಯಾನಿ ಎಲ್ಲ ಸೇರಿದ ಮುಗ್ಗು ವಾಸನೆ. ಬೆಳಿಗ್ಗೆ ಚಿತ್ರದುರ್ಗದ ನನ್ನ ಹೊಲಿಗೆ ಅಂಗಡಿಗೆ ಅಂಥದ್ದೊಂದು ಗಂಟು ಬಂದು ಬಿದ್ದಿದೆ. ಗಿರಾಕಿಗಳು ಮೂಗು ಮುಚ್ಚಿಕೊಳ್ಳುತ್ತಾರೆ. ನನಗೋ, ಎದೆ ಉಬ್ಬುತ್ತದೆ. ಯಾಕೆಂದು ಹೇಳುತ್ತೇನೆ, ಕೂತುಕೊಳ್ಳಿ.

ಕೆಲವು ವರ್ಷಗಳ ಹಿಂದೆ ಮೊಬೈಲಿನಲ್ಲಿ ಹವಾಮಾನದ ಹುಚ್ಚರ ಗುಂಪೊಂದಕ್ಕೆ ಸೇರಿದೆ. ಹೊಸದುರ್ಗ, ಹೊಳಲ್ಕೆರೆ, ಹಿರಿಯೂರಿನವರೆಲ್ಲ ಅಲ್ಲಿದ್ದರು. ಗುಂಪಿಗೆ ಒಂದೇ ಕಟ್ಟಳೆ: ಗಾಳಿಮಳೆ ಕಂಡವರು ಎಲ್ಲಿ, ಯಾವಾಗ, ಯಾವ ಕಡೆಗೆ ಎಂದಷ್ಟೇ ಹೇಳಬೇಕು, ಹರಟೆಯೆಲ್ಲ ಆಮೇಲೆ. ಆದರೆ ಬಿರುಗಾಳಿಯನ್ನು ಪಳಗಿಸುವ ಮಾತು ಬಂದರೆ ಕಟ್ಟಳೆ ಯಾರಿಗೆ ನೆನಪು? ಹಿರಿಯೂರಿನವರೊಬ್ಬರು ಮೋಡಕ್ಕೆ ಪಟಾಕಿ ಹೊಡೆಯೋಣ ಎಂದರು. ಇನ್ನೊಬ್ಬರು ಗುಡ್ಡದ ಮೇಲಿನ ಗಾಳಿಯಂತ್ರಗಳನ್ನೆಲ್ಲ ಉಲ್ಟಾ ತಿರುಗಿಸಿ ಗಾಳಿಯನ್ನು ವಾಪಸ್ ಕಳಿಸೋಣ ಎಂದರು. ನಾನು ಹೊಲಿಯುವವಳು ತಾನೇ? ಎರಡು ಗುಡ್ಡಗಳ ನಡುವೆ ಕಟ್ಟುವ ದೊಡ್ಡ ಪರದೆಯ ಚಿತ್ರ ಬರೆದು ಹಾಕಿದೆ. ಜೋಡಿ ಹೊಲಿಗೆ, ಅಂಚಿಗೆ ನೈಲಾನ್ ಪಟ್ಟಿ. ಎಷ್ಟು ರೀಲು ದಾರ ಬೇಕೆಂಬುದೂ ಗೊತ್ತಿತ್ತು ನನಗೆ!

ಶಾಮಿಯಾನ ಬಾಡಿಗೆಗೆ ಕೊಡುವ ದಸ್ತಗೀರ್ ಸಾಬರು ಚಿತ್ರ ನೋಡಿ ನಕ್ಕರು. ಅವರ ಹರಿದ ಬಟ್ಟೆಗೆ ತೇಪೆ ಹಾಕುವವಳು ನಾನೇ. "ಅಕ್ಕಾ, ಗಾಳಿನ ತಡೆಯಾಕೆ ಹೋದ್ರೆ ಬಟ್ಟೆ ಹರಿತೈತೆ. ದಾರಿ ಬಿಡ್ರಿ, ತಾನೇ ಹೋಗ್ತೈತೆ." ನನಗೆ ಸಿಟ್ಟು ಬಂತು.

ಅವರ ಮಗಳು ಶಾಹೀನಳ ಮದುವೆಯ ದಿನವೂ ನಾನು ಅದೇ ವಾದದಲ್ಲಿದ್ದೆ ನೋಡಿ. ಶಾಲೆಯ ಮೈದಾನದಲ್ಲಿ ಶಾಮಿಯಾನ, ಅದರಡಿ ತುಂಬಿದ ಜನ, ಮಧ್ಯಾಹ್ನದ ಧಗೆ. ಮೊಬೈಲಿನ ಗುಂಪಿನಲ್ಲಿ ಯಾರೋ ನನ್ನದನ್ನು ಸೊಳ್ಳೆ ಪರದೆ ಎಂದಿದ್ದರು. ಉತ್ತರ ಕೊಡಲು ಹಳೆಯ ಸಂದೇಶ ಹುಡುಕುವಾಗ, ಹೊಳಲ್ಕೆರೆ ಕಡೆ ಕುರಿ ಮೇಯಿಸುವ ಈರಣ್ಣನ ಧ್ವನಿ ಸಂದೇಶ ಸಿಕ್ಕಿತು. ಇಪ್ಪತ್ತು ನಿಮಿಷ ಹಳೆಯದು. "ಅಕ್ಕಾ, ಕುರಿಯೆಲ್ಲಾ ತಲೆ ಒಳಗಿಕ್ಕಿ ಗುಂಪಾಗಿ ನಿಂತಾವೆ. ಕೆಂಧೂಳು ಎದ್ದೈತೆ, ದುರ್ಗದ ಕಡೆಗೇ ಹೊಂಟೈತೆ." ನನ್ನ ಪರದೆಯ ಜಗಳದಡಿ ಅವನ ಮಾತು ಹೂತುಹೋಗಿತ್ತು. ನಾಚಿಕೆಯಾಯಿತು. ಈಗಲೂ ಆಗುತ್ತದೆ.

ಸಾಬರ ಬಳಿಗೆ ಓಡಿದೆ. ವಿಷಯ ಕೇಳಿ ಕೆಲಸದವರು ಹಗ್ಗ ಬಿಗಿಯಲು ಹೊರಟರು. ಶೇರ್ವಾನಿ ತೊಟ್ಟ ಸಾಬರು ಕೂಗಿದರು: "ಲೇ, ಬಿಗಿಬ್ಯಾಡ್ರೋ! ಬಿಚ್ಚಿ ಮಲಗಿಸ್ರೋ!" ಜನರೆಲ್ಲ ಶಾಲೆಯೊಳಗೆ ನುಗ್ಗಿದರು. ಹಗ್ಗದ ಗಂಟುಗಳು ಕಲ್ಲಿನಂತೆ ಕೂತಿದ್ದವು, ಉಗುರು ಕಿತ್ತುಬರುವಂತೆ ಎಳೆದರೂ ಬಿಚ್ಚಿಕೊಳ್ಳಲಿಲ್ಲ. ಕೈಚೀಲದಿಂದ ಕತ್ತರಿ ತೆಗೆದೆ. ಕೊನೆಯ ಹಗ್ಗ ಕತ್ತರಿಸಿ ಬಟ್ಟೆ ನೆಲಕ್ಕೆ ಬೀಳುವುದಕ್ಕೂ ಗಾಳಿ ಬರುವುದಕ್ಕೂ ಸರಿಹೋಯಿತು. ಮೈದಾನದ ಬೇವಿನ ಮರ ಬಿತ್ತು. ಶಾಮಿಯಾನ ಮಲಗಿಯೇ ಇತ್ತು. ಒಬ್ಬರಿಗೂ ಒಂದು ಗೀರೂ ಆಗಲಿಲ್ಲ. ಏಳನೇ ತರಗತಿಯ ಕೋಣೆಯಲ್ಲಿ, ಮಗ್ಗಿ ಬರೆದ ಕರಿಹಲಗೆಯ ಮುಂದೆ ನಿಕಾಹ್ ಆಯಿತು. ಮಳೆ ನಿಂತ ಮೇಲೆ ತುಂಡು ಹಗ್ಗಗಳನ್ನು ಗಂಟುಹಾಕಿ, ತೊಟ್ಟಿಕ್ಕುವ ಶಾಮಿಯಾನವನ್ನು ಮತ್ತೆ ಎತ್ತಿ ಅದರಡಿಯಲ್ಲೇ ಉಂಡೆವು. ಅವತ್ತು ಮೂಗಿಗೆ ಹತ್ತಿದ್ದೂ ಇದೇ ವಾಸನೆ.

ಆದರೆ ಆ ಗಂಟುಗಳನ್ನು ನಾನು ಮರೆಯಲಿಲ್ಲ. ಪರದೆಯ ಚಿತ್ರ ಹರಿದುಹಾಕಿ, ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವ ಪಟ್ಟಿಗಳನ್ನು ಶಾಮಿಯಾನಗಳಿಗೆ ಹೊಲಿಯತೊಡಗಿದೆ. ಈಗ ಹೊಸದುರ್ಗ, ಹಿರಿಯೂರಿನ ಶಾಮಿಯಾನದವರೂ ಹುಡುಕಿಕೊಂಡು ಬರುತ್ತಾರೆ. ಬೆಳಿಗ್ಗೆ ಬಂದ ಶಾಮಿಯಾನದ ಗಂಟೂ ಅದಕ್ಕೇ.

ಇದನ್ನು ಬರೆಯುತ್ತಿರುವಾಗಲೇ ಫೋನು ಕುಯ್ಗುಟ್ಟಿತು. ಈರಣ್ಣ. "ಹಿರೇಗುಂಟನೂರು. ಈಗ್ಲೇ. ಭರಮಸಾಗರದ ಕಡೆಗೆ." ಸಾಬರು ಇವತ್ತು ಭರಮಸಾಗರದಲ್ಲೇ ಶಾಮಿಯಾನ ಹಾಕಿದ್ದಾರೆ. ಪೆನ್ನು ಬಿಟ್ಟು ಫೋನು ಮಾಡಿದೆ.

"ಸಾಬ್ರೇ, ಇಳಿಸ್ರಿ!"

ಆ ಕಡೆಯಿಂದ ಗಾಳಿಯ ಸದ್ದು, ಅದರ ಮೇಲೆ ಅವರ ನಗು. "ಇಳಿಸಿ ಆತು ಅಕ್ಕಾ! ಒಂದೇ ಎಳೆತಕ್ಕೆ!"