ಹುಲ್ಲಿನ ಗಾಡಿಯ ಚಿತ್ತಣ್ಣ

ಕೆಲಸ ಮುಗಿದ ಮೇಲೆ ಚಿತ್ತಣ್ಣ ಮೊದಲು ಕೈ ತೊಳೆಯುತ್ತಿರಲಿಲ್ಲ, ಬೆರಳು ಎಣಿಸುತ್ತಿದ್ದರು. ಗ್ರೀಸು ಮೆತ್ತಿದ ಎರಡೂ ಕೈಗಳನ್ನು ಮುಖದ ಮುಂದೆ ಹಿಡಿದು, ಎಡಗೈಯ ಕಿರುಬೆರಳಿನಿಂದ ಶುರುಮಾಡಿ, ಎರಡೆರಡರ ಜೋಡಿ ಲೆಕ್ಕದಲ್ಲಿ ಎಣಿಸಿ, "ಎಲ್ಲಾ ರೊಪ್ಪ ಸೇರಿದ್ವು. ಈಗ ಟೀ ಹೇಳ್ರಿ" ಅನ್ನುತ್ತಿದ್ದರು. ಮೊದಲ ಸಲ ನೋಡಿದಾಗ ಈ ಮನುಷ್ಯನಿಗೆ ತಲೆ ಸರಿ ಇಲ್ಲವೇನೋ ಅಂದುಕೊಂಡೆ.

ಅವರ ಅಪ್ಪ ಯಲ್ಲದಕೆರೆಯಲ್ಲಿ ಕುರಿ ಕಾಯುತ್ತಿದ್ದವರು. ಸಂಜೆ ಕುರಿಗಳು ರೊಪ್ಪದೊಳಗೆ ನುಗ್ಗುವಾಗ ಬಾಗಿಲಲ್ಲಿ ನಿಂತು ಜೋಡಿ ಜೋಡಿಯಾಗಿ ಎಣಿಸುವುದು ಆ ಮನೆಯ ರೂಢಿ. ಮಗ ಹಿರಿಯೂರಿಗೆ ಬಂದು ಪಂಪ್‌ಸೆಟ್ಟು, ಟಿಲ್ಲರು, ಔಷಧಿ ಹೊಡೆಯುವ ಮಿಷಿನ್ನು ಅಂತ ರಿಪೇರಿಗೆ ಇಳಿದಾಗ ಕುರಿ ಹಿಂದೆ ಉಳಿದವು, ಎಣಿಕೆ ಮಾತ್ರ ಜೊತೆಗೆ ಬಂತು. "ಕುರಿ ಎಣಿಸ್ದೆ ನಮ್ಮಪ್ಪ ಉಣ್ತಿರ್ಲಿಲ್ಲ, ಬೆರಳು ಎಣಿಸ್ದೆ ನಾನು ಟೀ ಕುಡಿಯಲ್ಲ. ಮಿಷಿನ್ ಕೆಲಸದೋನಿಗೆ ಬೆರಳೇ ಕುರಿ ಕಣಮ್ಮ" ಅನ್ನುತ್ತಿದ್ದರು. ಅರವತ್ತು ದಾಟಿದ್ದರೂ ಅವರ ಹತ್ತು ಬೆರಳೂ ನೆಟ್ಟಗಿದ್ದವು. ಅದರ ಜಂಬವೂ ಅವರಿಗೆ ಬೇಕಾದಷ್ಟಿತ್ತು.

ನನ್ನ ಹೆಸರು ಗಂಗಮ್ಮ. ಹಿರಿಯೂರಿನ ಹೊರಗೆ, ಬಬ್ಬೂರಿನ ಕಡೆ ಹೋಗುವ ದಾರಿಯಲ್ಲಿ ಒಂದು ಕಲ್ಯಾಣ ಮಂಟಪವಿದೆ. ಅದರ ಮುಂದೆ ಕಣ್ಣು ಹಾಯುವಷ್ಟು ಲಾನು. ಈಗಿನವರಿಗೆ ಮದುವೆ ಒಳಗಾದರೂ ಆರತಕ್ಷತೆ ಹುಲ್ಲಿನ ಮೇಲೇ ಆಗಬೇಕು. ಆ ಹುಲ್ಲನ್ನು ನಾವೊಂದಿಷ್ಟು ಹೆಂಗಸರು ಕುಡುಗೋಲು ಹಿಡಿದು ಕುಕ್ಕರುಗಾಲಲ್ಲಿ ಕುಳಿತು ಕೊಯ್ಯುತ್ತಿದ್ದೆವು. ಒಂದು ದಿನ ಓನರು ಮೇಲೆ ಕುಳಿತು ಓಡಿಸುವ ಹುಲ್ಲು ಕತ್ತರಿಸುವ ಗಾಡಿ ತರಿಸಿದರು. ಕೆಂಪು ಬಣ್ಣ, ಪುಟ್ಟ ಟ್ರ್ಯಾಕ್ಟರಿನ ಹಾಗೆ ಸ್ಟೇರಿಂಗು, ಹೊಟ್ಟೆಯಡಿ ತಗಡಿನ ಹೊದಿಕೆ, ಅದರೊಳಗೆ ಗರಗರ ತಿರುಗುವ ಬ್ಲೇಡು. ಇನ್ನು ಕುಡುಗೋಲಿಗೆ ಕೆಲಸವೆಲ್ಲಿ? ಉಳಿದವರನ್ನು ಪಾತ್ರೆ ತೊಳೆಯಲು, ಮಂಟಪದ ಕಸ ಗುಡಿಸಲು ಹಾಕಿದರು. ಅದೂ ಮದುವೆ ಇದ್ದ ದಿನ ಮಾತ್ರ. ನಾನು ಧೈರ್ಯ ಮಾಡಿ ಮ್ಯಾನೇಜರ್ ರುದ್ರೇಶಪ್ಪನವರ ಮುಂದೆ ನಿಂತು, "ಸಾರ್, ಗಾಡಿ ನಾನು ಓಡಿಸ್ತೀನಿ" ಅಂದೆ. ನನ್ನ ಗಂಡ ಗಾರೆ ಕೆಲಸದಲ್ಲಿ ಮೇಲಿಂದ ಬಿದ್ದು ಸೊಂಟ ಹಿಡಿದುಕೊಂಡು ಕುಳಿತಿದ್ದ ಕಾಲ ಅದು. ತಿಂಗಳ ಸಂಬಳದ ಕೆಲಸ ಕೈತಪ್ಪಿದರೆ ನಮ್ಮ ಮನೆ ನಡೆಯುವಂತಿರಲಿಲ್ಲ.

ರುದ್ರೇಶಪ್ಪನವರು ಕೆಟ್ಟವರಲ್ಲ, ಅವಸರದವರು. "ನೋಡಮ್ಮ, ಮುಂದಿನ ವಾರ ದೊಡ್ಡ ಮದುವೆ ಐತೆ. ಅಷ್ಟರಲ್ಲಿ ನೀನು ಲಾನ್ ನೀಟಾಗಿ ಹೊಡೆದ್ರೆ ಕೆಲಸ ನಿಂದು. ಇಲ್ಲಾಂದ್ರೆ ದುರ್ಗದಿಂದ ಡ್ರೈವರ್ ಬರ್ತಾನೆ" ಅಂದರು. ಸ್ಟೇರಿಂಗು ತಿರುಗಿಸುವುದನ್ನು ಒಂದೇ ದಿನದಲ್ಲಿ ಕಲಿತೆ. ಆದರೆ ಗಾಡಿ ನನ್ನನ್ನು ಒಪ್ಪಲಿಲ್ಲ. ಒಂದು ಸಣ್ಣ ದಿಣ್ಣೆ ಹತ್ತಿದರೆ ಸಾಕು, ಇಂಜಿನ್ನು ಗಪ್ಪನೆ ನಿಂತುಬಿಡುತ್ತಿತ್ತು. ಮತ್ತೆ ಸ್ಟಾರ್ಟು, ಮತ್ತೆ ಗಪ್ಪು. ಕಾರಣ ಆಮೇಲೆ ತಿಳಿಯಿತು. ಸೀಟಿನ ಕೆಳಗೆ ಒಂದು ಸ್ವಿಚ್ಚಿದೆ. ಮನುಷ್ಯ ಕುಳಿತಿದ್ದರೆ ಮಾತ್ರ ಗಾಡಿ ಓಡಬೇಕು, ಎದ್ದರೆ ನಿಲ್ಲಬೇಕು ಅಂತ ಮಾಡಿಟ್ಟದ್ದು. ನಾನೋ ಗಾಳಿ ಬಂದರೆ ಹಾರಿಹೋಗುವ ಆಸಾಮಿ. ಗಾಡಿ ಎಗರಿದಾಗ ನಾನೂ ಎಗರುತ್ತಿದ್ದೆ, ಸ್ವಿಚ್ಚಿಗೆ ನಾನು ಇಳಿದುಹೋದೆ ಅನ್ನಿಸುತ್ತಿತ್ತು. ಪಾತ್ರೆ ತೊಳೆಯುವ ಕೆಂಚಮ್ಮ, "ಮೊದ್ಲು ಎರಡು ಮುದ್ದೆ ಜಾಸ್ತಿ ಉಣ್ಣೇ, ಆಮೇಲೆ ಡ್ರೈವರ್ ಆಗುವಂತೆ" ಅಂತ ನಕ್ಕಳು. ನನಗೆ ಅಳು ಬಂದಿತ್ತು.

ಉಪಾಯ ಹೇಳಿದ್ದು ಅಡುಗೆಯ ಬಸಣ್ಣ. ಅಡುಗೆಮನೆಯ ಹಿಂದೆ ಹಳೆಯ ರುಬ್ಬುಗುಂಡು ಬಿದ್ದಿತ್ತು. ಅದನ್ನು ಎತ್ತಿ ತಂದು ಸೀಟಿನ ಮೇಲೆ, ಹಿಂಬದಿಗೆ ಹಗ್ಗದಲ್ಲಿ ಬಿಗಿದ. ನಾನು ಅದಕ್ಕೆ ಬೆನ್ನು ಕೊಟ್ಟು ಕುಳಿತೆ. ಏನು ಹೇಳಲಿ, ಗಾಡಿ ಒಂದು ಸಲವೂ ನಿಲ್ಲಲಿಲ್ಲ! ಎಲ್ಲರೂ ಚಪ್ಪಾಳೆ ಹೊಡೆದರು, ರುದ್ರೇಶಪ್ಪನವರೂ ಹೊಡೆದರು. ಮುಂದೆ ಹುಲ್ಲಿನಲ್ಲಿ ಹಾರದ ತಂತಿಯೊಂದು ಹೊಳೆಯಿತು. ಗೇರು ತಪ್ಪಿಸಿ, ತೆಗೆಯೋಣ ಅಂತ ಇಳಿದೆ. ಇಂಜಿನ್ನು ಓಡುತ್ತಲೇ ಇತ್ತು, ಬ್ಲೇಡು ತಿರುಗುತ್ತಲೇ ಇತ್ತು. ಅದೇ ಹೊತ್ತಿಗೆ ಗೇಟಿನಲ್ಲಿ ಸೈಕಲ್ಲು ತಳ್ಳಿಕೊಂಡು ಚಿತ್ತಣ್ಣ ಬಂದರು. ಓನರು ಆಯಿಲು ನೋಡಲೆಂದು ಕರೆಸಿದ್ದರಂತೆ.

ಸೈಕಲ್ಲನ್ನು ಅಲ್ಲೇ ಕೆಡವಿ ಓಡಿಬಂದರು. ಕೀ ತಿರುಗಿಸಿ ಇಂಜಿನ್ನು ಆರಿಸಿ, ಸೀಟಿನ ಮೇಲಿದ್ದ ರುಬ್ಬುಗುಂಡಿಗೆ ಕೈಮುಗಿದು, "ಏನಪ್ಪ ಡ್ರೈವರ್ರೇ, ಲೈಸೆನ್ಸ್ ಐತಾ?" ಅಂದರು. ನಾವೆಲ್ಲ ನಕ್ಕೆವು. ಅವರು ನಗಲಿಲ್ಲ. ನನ್ನ ಕಡೆ ತಿರುಗಿ, "ನಿನ್ ಕೈ ಬ್ಲೇಡಿಗೆ ಎಷ್ಟು ದೂರ ಇತ್ತು ನೋಡಿದ್ಯಾ? ಈ ಗುಂಡಿಗೇನು ಗೊತ್ತಾಗ್ತೈತೆ, ನೀನು ಮೇಲಿದ್ಯೋ ಕೆಳಗಿದ್ಯೋ ಅಂತ?" ಅಂದರು.

"ಹಂಗಾದ್ರೆ ಆ ಸ್ವಿಚ್ಚಿನ ವೈರ್ ಎರಡೂ ಕೂಡಿಸಿಬಿಡ್ರಿ ಚಿತ್ತಣ್ಣ, ತಾಪತ್ರಯನೇ ಇರಲ್ಲ" ಅಂದರು ರುದ್ರೇಶಪ್ಪನವರು.

"ಅದು ನನ್ ಕೈಲಿ ಆಗಲ್ಲ ಸಾರ್."

"ಗೊತ್ತಿಲ್ವಾ?"

"ಗೊತ್ತೈತೆ. ಚಿಟಿಕೆ ಹೊಡೆಯೋದ್ರಾಗೆ ಕೂಡಿಸ್ತೀನಿ. ಆದ್ರೆ ಕೂಡ್ಸಲ್ಲ." ಹೀಗೆಂದವರೇ ಕೀ ಕಿತ್ತು, ಕೊರಳಿನ ದಾರದಲ್ಲಿ ತಾಯಿತದ ಪಕ್ಕಕ್ಕೆ ಪೋಣಿಸಿಕೊಂಡು, ಅಂಗಿಯೊಳಗೆ ಬಿಟ್ಟು, ಸೈಕಲ್ಲು ಎತ್ತಿಕೊಂಡು ಹೊರಟೇಬಿಟ್ಟರು.

ಅವರ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಹಿಂದೆಯೇ ಓಡಿ ಗೇಟಿನ ಹತ್ತಿರ ಅಡ್ಡ ಹಾಕಿದೆ. "ಯಾವ ಜನ್ಮದ ಸೇಡು ತೀರಿಸ್ಕಳ್ತಿದೀರಿ? ನಮ್ ಮನೆ ಅನ್ನ ನಿಮ್ ಕೊರಳಾಗೆ ನೇತಾಡ್ತೈತೆ!" ಅಂತ ಕಿರುಚಿದೆ. ಚಿತ್ತಣ್ಣ ಸೈಕಲ್ಲು ನಿಲ್ಲಿಸಿದರು. "ಅನ್ನ ಉಣ್ಣಾಕೆ ಕೈ ಬೇಕಲ್ಲಮ್ಮ. ಎರಡು ದಿನ ತಡ್ಕ" ಅಂದು ಹೋದರು. ಆ ರಾತ್ರಿ ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ಉಣ್ಣಲಿಲ್ಲ.

ಎರಡು ದಿನ ಅಂದವರು ಮಾರನೆಯ ದಿನ ಮಧ್ಯಾಹ್ನವೇ ಬಂದರು. ಹಿರಿಯೂರಿನ ಗುಜರಿ ಅಂಗಡಿಗಳಲ್ಲಿ ಸಿಗದೆ ಬೆಳಗಿನ ಬಸ್ಸಿಗೆ ಹೊಸದುರ್ಗಕ್ಕೆ ಹೋಗಿ, ಯಾವುದೋ ಹಳೆಯ ಸ್ಕೂಟರಿನ ಸೀಟಿಂದ ಎರಡು ಮೆತ್ತನೆಯ ಸ್ಪ್ರಿಂಗು ಬಿಚ್ಚಿಸಿಕೊಂಡು ಬಂದಿದ್ದರು. ಗಾಡಿಯ ಸೀಟನ್ನು ಎತ್ತಿ ಹಿಡಿದಿದ್ದ ಸ್ಪ್ರಿಂಗುಗಳು ದಡೂತಿ ಆಳಿಗೆಂದು ಮಾಡಿದ್ದಂತೆ. ಅವನ್ನು ತೆಗೆದು ಇವನ್ನು ಕೂರಿಸಿದರು. ಕಲ್ಲಿನಂತೆ ಗಟ್ಟಿಯಿದ್ದ ಕುಶನ್ನನ್ನೂ ಪೇಟೆಯ ಸಾಬರ ಅಂಗಡಿಯಲ್ಲಿ ಬದಲಾಯಿಸಿ ತಂದರು. ಆಮೇಲೆ ನನ್ನನ್ನು ಕೂರಿಸಿ, ಬ್ಲೇಡು ತಿರುಗದ ಹಾಗೆ ಬೆಲ್ಟು ತೆಗೆದು, ಕಲ್ಲು ಮಣ್ಣಿನ ಜಾಗದಲ್ಲೆಲ್ಲ ಓಡಿಸಿದರು. ಗಾಡಿ ನಿಲ್ಲಲಿಲ್ಲ. ನನಗೆ ಕುಣಿಯುವಷ್ಟು ಖುಷಿ.

"ಇರು, ಈಗ ಏಳು" ಅಂದರು. ಎದ್ದೆ, ಇಂಜಿನ್ನು ಸತ್ತಿತು. "ಇನ್ನೊಂದ್ ಸಲ ಕುಂತ್ಕ. ಏಳು. ಕುಂತ್ಕ. ಏಳು." ಶಾಲೆಯಲ್ಲೂ ಅಷ್ಟು ಬಸ್ಕಿ ಹೊಡೆದಿರಲಿಲ್ಲ ನಾನು. ಕೊನೆಗೆ ತೃಪ್ತಿಯಾಗಿ ಹೇಳಿದರು: "ನೀನು ಕುಂತ್ರೆ ಅದು ಬದುಕ್ಬೇಕು, ನೀನು ಎದ್ರೆ ಅದು ಸಾಯ್ಬೇಕು. ಉಲ್ಟಾ ಆಗ್ಬಾರ್ದು."

ಮದುವೆಗೆ ಮೊದಲೇ ಲಾನು ನೀಟಾಯಿತು. ಚಿತ್ರದುರ್ಗದ ಡ್ರೈವರು ಬರಲಿಲ್ಲ. ಹುಡುಗಿಯ ಕಡೆಯವರು ಹುಲ್ಲಿನ ಮೇಲೆ ಚಪ್ಪಲಿ ಬಿಟ್ಟು ಓಡಾಡಿದ್ದನ್ನು ನಾನು ಅಡುಗೆಮನೆಯ ಕಿಟಕಿಯಿಂದ ನೋಡಿ ಕಣ್ಣು ಒರೆಸಿಕೊಂಡೆ.

ಅಲ್ಲಿಂದ ಮುಂದೆ ತಿಂಗಳಿಗೊಮ್ಮೆ ಚಿತ್ತಣ್ಣ ಸರ್ವಿಸ್ಸಿಗೆ ಬರುತ್ತಿದ್ದರು, ಪ್ರತಿ ಸಲ ನನಗೊಂದು ಕೆಲಸ ಕಲಿಸಿಕೊಡುತ್ತಿದ್ದರು. ಗಾಡಿಗೆ ಕೈ ಹಚ್ಚುವ ಮೊದಲು ಕೀ ಕೀಳಬೇಕು, ಪ್ಲಗ್ಗಿನ ವೈರು ಬಿಡಿಸಬೇಕು. ಕೀ ಯಾರ ಮೈಮೇಲಿದೆಯೋ ಅವರೇ ಗಾಡಿಯ ಕೆಳಗೆ ಕೈ ಹಾಕಬೇಕು. ಅವರದು ಕೊರಳ ದಾರ, ನನ್ನದು ಸೆರಗಿನ ಗಂಟು. ಜಾಕು ಕೊಟ್ಟು ಎತ್ತಿದ ಮೇಲೂ ಅದನ್ನು ನಂಬದೆ ಮರದ ದಿಮ್ಮಿ ಇಡಿಸುತ್ತಿದ್ದರು. "ಜಾಕು ಹೊಸಾ ಅಳಿಯ ಇದ್ದಂಗೆ, ಯಾವಾಗ ಮುನಿಸ್ಕಂಡು ಎದ್ದೋಗ್ತಾನೋ ಗೊತ್ತಿಲ್ಲ" ಅನ್ನುತ್ತಿದ್ದರು. ಇಂಜಿನ್ನು ಬಿಸಿಯಿದ್ದಾಗ ಪೆಟ್ರೋಲಿನ ಡಬ್ಬಿಯನ್ನು ಹತ್ತಿರವೂ ತರುವಂತಿರಲಿಲ್ಲ. ಬ್ಲೇಡು ಬಿಚ್ಚುವಾಗ ಕೈಗೆ ದಪ್ಪ ಗೋಣಿತಾಟು ಸುತ್ತಿಕೊಳ್ಳಬೇಕಿತ್ತು. ಸಾಣೆ ಹಿಡಿದ ಮೇಲೆ ಬ್ಲೇಡನ್ನು ನಡುವಿನ ತೂತಿನಿಂದ ಗೋಡೆಯ ಮೊಳೆಗೆ ನೇತುಹಾಕಿ, ಯಾವ ಕಡೆ ವಾಲುತ್ತದೆ ಅಂತ ನೋಡಿ, ಎರಡೂ ಕಡೆ ತೂಕ ಸಮವಾಗುವವರೆಗೆ ಆ ಕಡೆ ಇನ್ನಷ್ಟು ಉಜ್ಜುತ್ತಿದ್ದರು. ಮದುವೆಯ ಮಾರನೆಯ ದಿನ ಹುಲ್ಲು ಹೊಡೆಯುವ ಮೊದಲು ಹೆಂಗಸರೆಲ್ಲ ಸಾಲಾಗಿ ಲಾನಿನ ಉದ್ದಕ್ಕೂ ನಡೆದು ಹಾರದ ತಂತಿ, ಮೊಳೆ, ಒಡೆದ ಬಳೆ, ತೆಂಗಿನ ಚಿಪ್ಪು ಆಯುವ ಪದ್ಧತಿ ಹಾಕಿಕೊಟ್ಟವರೂ ಅವರೇ. ಹಾಗಾಗಿ ಕೆಂಚಮ್ಮ ಮತ್ತು ಉಳಿದವರಿಗೆ ಮದುವೆ ಇಲ್ಲದ ದಿನವೂ ಒಂದು ಕೆಲಸ ಹುಟ್ಟಿತು.

ದೇವರಂಥ ಮನುಷ್ಯ ಅಂತ ಹೇಳಿದರೆ ಸುಳ್ಳಾಗುತ್ತದೆ. ಮಹಾ ಮೊಂಡ. ಒಂದು ಸಲ ಮಾತಿನ ಭರದಲ್ಲಿ ಬ್ಲೇಡನ್ನು ತಲೆಕೆಳಗಾಗಿ ಕೂರಿಸಿದರು. ನಾನು ಓಡಿಸಿದರೆ ಹುಲ್ಲು ಕತ್ತರಿಸುವ ಬದಲು ಜಜ್ಜಿಹೋಗುತ್ತಿತ್ತು. "ಚಿತ್ತಣ್ಣ, ಬ್ಲೇಡು ಉಲ್ಟಾ ಐತೆ" ಅಂದರೆ, "ಹುಲ್ಲೇ ಸರಿ ಇಲ್ಲ ಕಣಮ್ಮ, ಮಳೆ ಜಾಸ್ತಿ ಆಗಿ ಮೆತ್ತಗಾಗೈತೆ" ಅಂತ ಅರ್ಧ ಗಂಟೆ ವಾದಿಸಿದರು. ನಾನು ಟೀ ತರಲು ಹೋಗಿ ಬರುವಷ್ಟರಲ್ಲಿ ಬ್ಲೇಡು ಸರಿಯಾಗಿ ಕೂತಿತ್ತು. "ಈಗ ನೋಡು, ಬಿಸ್ಲಿಗೆ ಹುಲ್ಲು ಗಟ್ಟಿಯಾತು" ಅಂದರು. ಇನ್ನೊಂದು ವಿಚಿತ್ರವೆಂದರೆ ಆ ಗಾಡಿಯ ಮೇಲೆ ಅವರು ಒಂದು ದಿನವೂ ಕುಳಿತವರಲ್ಲ. ಕೇಳಿದರೆ, "ಅಷ್ಟೆತ್ತರ ಕುಂತ್ರೆ ನಂಗೆ ತಲೆ ತಿರುಗ್ತೈತೆ" ಅನ್ನುತ್ತಿದ್ದರು. ಅದರ ಎತ್ತರ ಮೊಣಕಾಲಿಗಿಂತ ಸ್ವಲ್ಪ ಮೇಲೆ, ಅಷ್ಟೇ.

ವಯಸ್ಸಾದಂತೆ ಅವರ ಕಣ್ಣು ಮಂಜಾಯಿತು. ಅಂಗಡಿಯ ಬಾಗಿಲು ಹಾಕಿ ಯಲ್ಲದಕೆರೆಗೆ, ಕುರಿ ಸಾಕಿದ್ದ ತಮ್ಮನ ಮನೆಗೆ ಹೋದರು. ಹೋಗುವಾಗ ನಟ್ಟು ಬಿಚ್ಚುವ ಪಾನಾಗಳ ಚೀಲ ನನ್ನ ಕೈಗಿಟ್ಟು, "ಇನ್ ನೀನೇ ಮೆಕಾನಿಕ್ಕು" ಅಂದರು.

ಅದಾದ ಮೇಲಿನ ಮಳೆಗಾಲದಲ್ಲಿ ಒಂದು ದಿನ ಲಾನಿನ ಅಂಚಿನಲ್ಲಿ ಚರಂಡಿಯ ಮಣ್ಣು ಒಳಗೊಳಗೇ ಕುಸಿದಿತ್ತು. ಗಾಡಿಯ ಒಂದು ಚಕ್ರ ಧಡಕ್ಕನೆ ಇಳಿಯಿತು, ನಾನು ಸೀಟಿಂದ ಜಾರಿ ಬ್ಲೇಡಿನ ಕಡೆಗೇ ಬಿದ್ದೆ. ಬೀಳುತ್ತಿರುವಾಗಲೇ ಇಂಜಿನ್ನು ನಿಂತಿತು. ಎಂಥಾ ಮೌನ ಅಂತೀರಿ! ಹುಲ್ಲಿನ ಮೇಲೆ ಅಂಗಾತ ಬಿದ್ದುಕೊಂಡೇ ಎರಡೂ ಕೈ ಮುಖದ ಮುಂದೆ ಹಿಡಿದು ಜೋಡಿ ಜೋಡಿಯಾಗಿ ಎಣಿಸಿದೆ. ಓಡಿಬಂದ ರುದ್ರೇಶಪ್ಪನವರು ನನಗೆ ತಲೆಗೆ ಪೆಟ್ಟಾಯಿತು ಅಂದುಕೊಂಡರು. "ಎಲ್ಲಾ ಅವೆ ಸಾರ್" ಅಂದೆ. ಅವರು ಸೀಟನ್ನು ನೋಡಿದರು, ನನ್ನನ್ನು ನೋಡಿದರು, "ಅವತ್ತು ಆ ವೈರ್ ಕೂಡಿಸಿದ್ದಿದ್ರೆ..." ಅಂತ ಹುಲ್ಲಿನ ಮೇಲೇ ಕುಳಿತರು.

ಇದನ್ನು ಚಿತ್ತಣ್ಣನಿಗೆ ಹೇಳದೆ ಇರಲಾಗಲಿಲ್ಲ. ಮಾರನೆಯ ದಿನ ಬಸ್ಸು ಹತ್ತಿ ಯಲ್ಲದಕೆರೆಗೆ ಹೋದೆ. ಸಂಜೆಯಾಗಿತ್ತು. ರೊಪ್ಪದ ಬಾಗಿಲಲ್ಲಿ ಬಗ್ಗಿ ನಿಂತು, ಒಳಹೋಗುವ ಕುರಿಗಳ ಬೆನ್ನು ಮುಟ್ಟಿ ಮುಟ್ಟಿ ಎಣಿಸುತ್ತಿದ್ದರು. ಕಣ್ಣು ಕಾಣದಿದ್ದರೇನು, ಲೆಕ್ಕ ತಪ್ಪಲಿಲ್ಲ. ನನ್ನ ದನಿ ಗುರುತು ಹಿಡಿದರು. ಬಿದ್ದ ಕಥೆ ಪೂರ್ತಿ ಕೇಳಿದರು. ನನ್ನ ಎರಡೂ ಕೈ ಹಿಡಿದುಕೊಂಡು, ಕುರಿಯ ಬೆನ್ನು ಮುಟ್ಟಿದ ಹಾಗೆಯೇ ಒಂದೊಂದು ಜೋಡಿ ಬೆರಳನ್ನೂ ಮುಟ್ಟಿ ಎಣಿಸಿದರು. ಕೊನೆಯ ಜೋಡಿಗೆ ಬಂದಾಗ ನಾನು ಅತ್ತುಬಿಟ್ಟೆ.

"ಕೀ ಎಲ್ಲೈತೆ?" ಅಂದರು ಇದ್ದಕ್ಕಿದ್ದಂತೆ.

ಸೆರಗು ಮುಟ್ಟಿ ನೋಡಿಕೊಂಡೆ. ಅಯ್ಯೋ ಶಿವನೇ! ಗಂಟಿನಲ್ಲೇ ಇತ್ತು. ಗಾಡಿ ಹಿರಿಯೂರಿನಲ್ಲಿ, ಕೀ ಯಲ್ಲದಕೆರೆಯಲ್ಲಿ.

ಚಿತ್ತಣ್ಣ ಹಲ್ಲಿಲ್ಲದ ಬಾಯಿ ತೆರೆದು ನಕ್ಕರು. "ಹಂಗಾದ್ರೆ ಇವತ್ತು ಅಲ್ಲಿ ಯಾರ ಬೆರಳಿಗೂ ಏನೂ ಆಗಲ್ಲ ಬಿಡು. ಕುಂತ್ಕ, ಟೀ ಕುಡ್ಕಂಡು ಹೋಗು." ಆವತ್ತು ಮೊದಲ ಸಲ ಅವರೇ ನನಗೆ ಟೀ ತರಿಸಿಕೊಟ್ಟರು. ಅವರ ಜೊತೆ ಕುಡಿದ ಕೊನೆಯ ಟೀಯೂ ಅದೇ ಆಯಿತು. ಚಳಿಗಾಲ ಮುಗಿಯುವ ಮೊದಲೇ ಹೋಗಿಬಿಟ್ಟರು.

ಈಗ ಮಂಟಪಕ್ಕೆ ಎರಡನೆಯ ಗಾಡಿ ಬಂದಿದೆ. ಕೆಂಚಮ್ಮ ಓಡಿಸುತ್ತಾಳೆ. ಎರಡು ಮುದ್ದೆ ಜಾಸ್ತಿ ಉಣ್ಣುವವಳಾದ್ದರಿಂದ ಅವಳ ಸೀಟಿಗೆ ಸ್ಪ್ರಿಂಗು ಬದಲಾಯಿಸುವ ಪ್ರಮೇಯ ಬರಲಿಲ್ಲ. ಸರ್ವಿಸ್ಸಿನ ದಿನ ಇಬ್ಬರೂ ಬ್ಲೇಡು ಸಾಣೆ ಹಿಡಿದು, ಕೂರಿಸಿ, ಗ್ರೀಸಿನ ಕೈಗಳನ್ನು ಮುಖದ ಮುಂದೆ ಹಿಡಿದು ನಿಲ್ಲುತ್ತೇವೆ. ರುದ್ರೇಶಪ್ಪನವರು ಆಫೀಸಿನ ಬಾಗಿಲಿಂದಲೇ ಕೂಗುತ್ತಾರೆ.

"ಎಲ್ಲಾ ರೊಪ್ಪ ಸೇರಿದ್ವೇನಮ್ಮ?"

"ಸೇರಿದ್ವು ಸಾರ್. ಟೀ ಹೇಳ್ರಿ."