ಪಾವಟಿಗೆಯ ಮೇಲಿನ ಹಿಡಿ ಕೆಸರು

ಈ ವಾರದ ಅಂಕಣವನ್ನು ನಾನು ಬರೆಯುತ್ತಿಲ್ಲ. ಹೇಳುತ್ತಿದ್ದೇನೆ. ಬರೆಯುತ್ತಿರುವವಳು ನನ್ನ ಹೆಂಡತಿ.

ಕಾರಣ ಇಷ್ಟೇ. ನನ್ನ ಬಲಗೈ ಮೂರು ವಾರದಿಂದ ಬಿದಿರಿನ ದಬ್ಬೆಗಳ ನಡುವೆ ಮಲಗಿದೆ. ಆದ್ದರಿಂದ ಇಲ್ಲಿ ಕಾಗುಣಿತ ತಪ್ಪಿದ್ದರೆ ಅದು ಅವಳದು. (‘ಕಾಗುಣಿತ ಸರಿ ಅದ. ಉಳಿದ ತಪ್ಪೆಲ್ಲ ನಿಮ್ಮವು. ಅದನ್ನೂ ಬರೀಲೇನ್ರಿ?’ ಎಂದು ಕೇಳುತ್ತಿದ್ದಾಳೆ. ಬರಿ ಎಂದಿದ್ದೇನೆ.)

ಕೈ ಮುರಿದದ್ದು ನಮ್ಮ ಮಾನ್ವಿಯ ಈಸುವ ಬಾವಿಯಲ್ಲಿ.

ನೋಡದವರಿಗಾಗಿ ಹೇಳುತ್ತೇನೆ. ಕುಡಿಯುವ ನೀರಿನ ಬಾವಿ ಬೇರೆ. ಇದು ಈಸುವುದಕ್ಕೆಂದೇ ಊರು ಇಟ್ಟುಕೊಂಡಿರುವ ಹಳೆಯ ಪಾವಟಿಗೆ ಬಾವಿ. ನೀರಿನವರೆಗೂ ಕಲ್ಲಿನ ಮೆಟ್ಟಿಲು. ಕಟ್ಟಿಸಿದವರು ಯಾರೋ, ಯಾರಿಗೂ ಗೊತ್ತಿಲ್ಲ. ಗೋಡೆಯ ಸಂದಿಯಲ್ಲಿ ಅರಳಿಗಿಡ ಬೇರು ಬಿಟ್ಟಿದೆ. ಆಗಾಗ ಒಂದು ಕಲ್ಲು ಸಡಿಲಾಗಿ ಒಳಗೆ ಬೀಳುತ್ತದೆ. ಬಿದ್ದ ಕಲ್ಲು ಆ ಹಸಿರು ನೀರಿನಲ್ಲಿ ಕಾಣುವುದಿಲ್ಲ.

ಆದರೂ ನನಗೆ ನೆನಪಿರುವಷ್ಟು ಕಾಲ ಅಲ್ಲಿ ಯಾರಿಗೂ ಪೆಟ್ಟಾಗಿರಲಿಲ್ಲ. ಯಾಕೆ? ಅಲ್ಲಿ ಹುಲಿಗೆಪ್ಪ ತಾತ ಇದ್ದ.

ತಾತ ತುಂಗಭದ್ರೆಯ ದಡದಿಂದ ಬಂದ ಅಂಬಿಗ. ಬಾವಿ ಕಾಯುವುದು, ಊರ ಮಕ್ಕಳಿಗೆ ಈಸಲು ಕಲಿಸುವುದು ಅವನ ಕೆಲಸ. ಒಣಗಿದ ಸೋರೆಬುರುಡೆ ಬೆನ್ನಿಗೆ ಕಟ್ಟಿ ನೀರಿಗೆ ದೂಕುತ್ತಿದ್ದ. ಅತ್ತರೆ ಕೇಳುವವನಲ್ಲ. (ನಾನು ಬಹಳ ಅತ್ತಿದ್ದೇನೆ.) ಸುಗ್ಗಿ ಮುಗಿದ ಮೇಲೆ ಮನೆಮನೆಗೂ ಬಂದು ಜೋಳ ಹಾಕಿಸಿಕೊಂಡು ಹೋಗುತ್ತಿದ್ದ. ಅದೇ ಅವನ ಪಗಾರ.

ಇನ್ನೊಂದು ಪದ್ಧತಿ ಇತ್ತು. ದಿನಾ ಬೆಳಗ್ಗೆ, ಯಾರೂ ನೀರಿಗಿಳಿಯುವ ಮೊದಲು, ತಾತ ತಾನೇ ಮುಳುಗುತ್ತಿದ್ದ. ತಳದಲ್ಲಿ ಕಾಲಾಡಿಸಿ, ಕೈಯಾಡಿಸಿ, ಒಂದು ಹಿಡಿ ಕೆಸರು ಹಿಡಿದು ಮೇಲೆ ಬಂದು ಅದನ್ನು ಮೊದಲ ಪಾವಟಿಗೆಯ ಮೇಲೆ ಇಡುತ್ತಿದ್ದ. ಕೆಸರು ಕಂಡರೆ ಧುಮುಕಬಹುದು. ಕಾಣದಿದ್ದರೆ ತಳದಲ್ಲಿ ಏನೋ ಬಿದ್ದಿದೆ ಎಂದರ್ಥ. ಅವತ್ತು ಮೆಟ್ಟಿಲ ಮೇಲೆ ಕೂತು ಮೈ ತೊಳೆದುಕೊಂಡು ಮನೆಗೆ ಹೋಗಬೇಕು. ಊರಿಗೆಲ್ಲ ಇದು ಗೊತ್ತಿತ್ತು. ಎಷ್ಟು ಗೊತ್ತಿತ್ತೆಂದರೆ, ಅದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಹೋದ ವರ್ಷ ನಮಗೆ ಸುಧಾರಣೆಯ ಹುಚ್ಚು ಹಿಡಿಯಿತು. ಬಾವಿಗೊಂದು ಕಮಿಟಿ ಆಯಿತು. ಕಮಿಟಿ ಆದ ಮೇಲೆ ರಿಜಿಸ್ಟರ್ ಬೇಡವೇ? ಈಸಲು ಬಂದವರ ಹೆಸರು, ಬಂದ ಹೊತ್ತು, ಹೋದ ಹೊತ್ತು. ಬರೆಯುವವರು ಯಾರು? ತಾತನಿಗೆ ಅಕ್ಷರ ಬಾರದು. ವಯಸ್ಸೂ ಆಗಿತ್ತು. ಹೊಸಬನನ್ನು ನೇಮಿಸೋಣ ಎಂದರು.

ನೋಟೀಸು ಬರೆಯುವ ಕೆಲಸ ನನಗೆ ಬಂತು. ಶಾಲಾ ಮಾಸ್ತರನಲ್ಲವೇ? ‘ಅರ್ಜಿದಾರನಿಗೆ ಕನ್ನಡ, ಉರ್ದು ಓದಿ ಬರೆಯಲು ಬರಬೇಕು. ವಯಸ್ಸು ನಲವತ್ತರೊಳಗಿರಬೇಕು. ನಡತೆ ಶುದ್ಧವಾಗಿರಬೇಕು.’ ಕಮಿಟಿಯವರು ಓದಿ ತಲೆದೂಗಿದರು. ನಾನೂ ಉಬ್ಬಿದೆ.

ದೇವದುರ್ಗದ ಕಡೆಯ ಶ್ಯಾಮರಾಯ ಎಂಬ ತರುಣ ಬಂದ. ಮಿಡ್ಲ್ ಪಾಸು. ನಾನೇ ಉಕ್ತಲೇಖನ ಕೊಟ್ಟು ಪರೀಕ್ಷೆ ಮಾಡಿದೆ. ಒಂದೂ ತಪ್ಪಿರಲಿಲ್ಲ. ತಾತ ಬಾವಿಯ ಗೇಟಿನ ಕೀಲಿ ಕೊಟ್ಟು, ಕವಿತಾಳದಲ್ಲಿರುವ ಮಗಳ ಮನೆಗೆ ಹೋದ. ಬೀಳ್ಕೊಡಲು ನಾನು ಹೋಗಲಿಲ್ಲ. ಅವತ್ತು ಏನೋ ಕೆಲಸವಿತ್ತು. ಏನು ಕೆಲಸ ಎಂದು ಈಗ ನೆನಪಾಗುತ್ತಿಲ್ಲ.

ಮೂರು ವಾರದ ಹಿಂದೆ, ಶುಕ್ರವಾರ. ನಮ್ಮ ಕಡೆ ಶಾಲೆಗೆ ಅವತ್ತೇ ವಾರದ ರಜೆ. ಬಿಸಿಲು ಕೇಳುವುದೇ ಬೇಡ. ಬಾವಿಗೆ ಹೋದೆ. ಪಾವಟಿಗೆಯ ಮೇಲೆ ಹಿಡಿ ಕೆಸರು ಇತ್ತು. ಅದರ ಮೇಲೆ ಒಂದು ಬೊಟ್ಟು ಕುಂಕುಮವೂ ಇತ್ತು. ಹುಡುಗ ಸಂಸ್ಕಾರವಂತ ಎಂದುಕೊಂಡೆ. ಕೈ ಮುಂದೆ ಮಾಡಿ ಮೂಡಣ ಗೋಡೆಯ ಕಡೆ ಧುಮುಕಿದೆ.

ನೀರು ಕಮ್ಮಿ ಇತ್ತು. ತಳದಲ್ಲಿ ಕಲ್ಲಿತ್ತು. ಕೈ ಮುಂದಿತ್ತು, ತಲೆ ಹಿಂದಿತ್ತು. ಇಂದು ಅಂಕಣ ಹೇಳುವಷ್ಟಾದರೂ ಉಳಿದದ್ದು ಅದರಿಂದ.

ಈಸುತ್ತಿದ್ದವರು ಎಳೆದು ಮೇಲೆ ತಂದರು. ನಾನು ರಾಯಚೂರಿನ ದವಾಖಾನೆ ಎಂದೆ. ನಮ್ಮಾಕೆ ದೇವದುರ್ಗದ ಎಲುಬು ಕೂಡಿಸುವವರ ಮನೆಗೆ ಗಾಡಿ ಕಟ್ಟಿಸಿದಳು. (‘ಕೂಡೇತಿಲ್ಲೋ?’ ಎನ್ನುತ್ತಿದ್ದಾಳೆ. ಕೂಡುತ್ತಿದೆ.)

ನಾಲ್ಕು ದಿನ ಬಿಟ್ಟು ಶ್ಯಾಮರಾಯ ಮನೆಗೆ ಬಂದ. ಒಳಗೆ ಬರಲಿಲ್ಲ, ಹೊಸ್ತಿಲ ಹೊರಗೇ ನಿಂತ.

‘ನನಗ ಈಸಾಕ ಬರಂಗಿಲ್ರಿ, ಮಾಸ್ತರ್ರ.’

‘ಮತ್ತ ದಿನಾ ಕೆಸರು ಹ್ಯಾಂಗ ತರ್ತಿದ್ದಿ?’

‘ಬಾಜೂ ತೋಟದ ಕಾಲುವ್ಯಾಗಿಂದ್ರಿ. ಕೆಸರು ಇಲ್ಲಂದ್ರ ಮಂದಿ ನೀರಿಗೆ ಇಳೀತಿರಲಿಲ್ಲ. ಗಂಗವ್ವನ ಪೂಜಿ ಇರಬೇಕಂತ ತಿಳಕೊಂಡೆ. ಅದಕ್ಕ ಕುಂಕುಮ ಹಚ್ಚಿ ಇಡ್ತಿದ್ದೆ.’

ಸಿಟ್ಟು ನೆತ್ತಿಗೇರಿತು. ಬಯ್ಯಲು ಬಾಯಿ ತೆರೆದೆ.

‘ಈಸಾಕ ಬರ್ತದೇನಂತ ನನ್ನ ಯಾರೂ ಕೇಳಲಿಲ್ರಿ’ ಎಂದ.

ತೆರೆದ ಬಾಯಿ ಹಾಗೇ ಮುಚ್ಚಿಕೊಂಡೆ. ಪಾಪ, ಅವನು ಪರೀಕ್ಷೆಯಲ್ಲಿ ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಿದ್ದ. ಪ್ರಶ್ನೆ ಕೇಳಿದವನು ನಾನು. ಮಾಡಿದ್ದುಣ್ಣೋ ಮಹಾರಾಯ!

ಮರುವಾರ ಕವಿತಾಳಕ್ಕೆ ಹೋದೆ. ತಾತ ಮಗಳ ಮನೆಯ ಕಟ್ಟೆಯ ಮೇಲೆ ಗೋಡೆಗೊರಗಿ ಕೂತಿದ್ದ. ಬಹಳ ಇಳಿದಿದ್ದ. ನನ್ನ ಕೈಯನ್ನು ದಬ್ಬೆಯ ಮೇಲಿಂದಲೇ ಸವರಿ ನೋಡಿದ.

‘ಯಾವ ಕಡಿ ಬಿದ್ರಿ?’

‘ಮೂಡಣ ಗ್ವಾಡಿ ಕಡೆ.’

‘ಅರಳಿಗಿಡದ ಬುಡದ ಕಲ್ಲು ಅದು. ಬೀಳತದಂತ ನನಗ ಹೋದ ವರ್ಷನ ಗೊತ್ತಿತ್ತು.’

‘ಒಂದು ಮಾತು ಹೇಳಬಾರದಿತ್ತೇನು ತಾತ?’

‘ಯಾರಿಗೆ ಹೇಳಲಿ? ಕೀಲಿ ಕೊಟ್ಟು ಹೋಗು ಅಂದ್ರಿ. ಕೊಟ್ಟು ಬಂದೆ.’

ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟು ಮಾಡಿದ್ದರೆ ಚೆನ್ನಾಗಿತ್ತು. ಕಾಲಿಗೆ ಬೀಳುವುದೊಂದನ್ನು ಬಿಟ್ಟು ಎಲ್ಲ ಮಾಡಿದೆ. ತಪ್ಪಾಯಿತು ಎಂದೆ. ತಿರುಗಿ ಬಾ, ಕಮಿಟಿಗೆ ನಾನು ಹೇಳುತ್ತೇನೆ ಎಂದೆ.

ತಾತ ಮೂಗು ಹಿಡಿದು ಉಸಿರು ಕಟ್ಟಿದ. ನಾನು ಮನಸ್ಸಿನಲ್ಲೇ ಎಣಿಸಿದೆ. ಐದಕ್ಕೆ ಕೆಮ್ಮು ಬಂತು. ಮಗಳು ಒಳಗಿನಿಂದ ನೀರು ತಂದು ಕೊಟ್ಟಳು. ಒಂದು ಕಾಲದಲ್ಲಿ ತಾತ ಮುಳುಗಿದರೆ, ಮೇಲೆ ಬರುವಷ್ಟರಲ್ಲಿ ನಾವು ಮೆಟ್ಟಿಲ ಮೇಲೆ ಕೂತು ಹೆದರಿ ಸಾಯುತ್ತಿದ್ದೆವು.

‘ಯಾರಿಗಾದ್ರೂ ತಳ ಮುಟ್ಟೂದು ಕಲಿಸಿದ್ದಿಯೇನು?’ ಎಂದು ಕೇಳಿದೆ.

‘ಎಲ್ಲಾರೂ ಈಸಾಕ ಬಂದ್ರಿ. ಕೆಸರು ತರಾಕ ಯಾರು ಬಂದ್ರಿ, ಮಾಸ್ತರ್ರ?’

ತಿರುಗಿ ಬರುವ ದಾರಿಯುದ್ದಕ್ಕೂ ತಲೆಯಲ್ಲಿ ಅದೇ ಮಾತು. ನನಗೆ ಕಲಿಸಿದ. ನನ್ನ ತಮ್ಮಂದಿರಿಗೆ ಕಲಿಸಿದ. ನಾವೆಲ್ಲ ಬುರುಡೆ ಬಿಚ್ಚಿಟ್ಟ ದಿನ ಒಂದು ತೆಂಗಿನಕಾಯಿ ಕೊಟ್ಟು ಕೈ ತೊಳೆದುಕೊಂಡೆವು. ನಾಳೆ ಇವನಿಲ್ಲದಿದ್ದರೆ ಯಾರು ಎಂದು ನಮ್ಮಲ್ಲಿ ಒಬ್ಬನಾದರೂ ಕೇಳಲಿಲ್ಲ.

ಈಗ ಬಾವಿಯ ಬಾಯಿಗೆ ಜಾಲಿಮುಳ್ಳು ಹಾಕಿದ್ದಾರೆ. ಈ ಬೇಸಿಗೆಯಲ್ಲಿ ಮಕ್ಕಳು ಮುಳ್ಳಿನಾಚೆಯಿಂದ ನೀರು ನೋಡಿ ಹಿಂದಿರುಗುತ್ತಿದ್ದಾರೆ. ಶ್ಯಾಮರಾಯ ಊರಿಗೆ ಹೋದ. ರಿಜಿಸ್ಟರನ್ನು ಮಾತ್ರ ಚೊಕ್ಕವಾಗಿ ಬರೆದಿಟ್ಟು ಹೋಗಿದ್ದಾನೆ. ನಾನು ಬಂದ ಹೊತ್ತು ಅದರಲ್ಲಿದೆ. ಹೋದ ಹೊತ್ತಿನ ಜಾಗ ಖಾಲಿ ಇದೆ.

ನಿನ್ನೆ ಕಮಿಟಿಯವರು ಮನೆಗೆ ಬಂದಿದ್ದರು. ಹೊಸ ನೋಟೀಸು ಬರೆದುಕೊಡಬೇಕಂತೆ. ಮತ್ತೆ ನಾನೇ! ನಮ್ಮಾಕೆ ಹಾಳೆ ಹಿಡಿದು ಕೂತಳು. ‘ಅರ್ಜಿದಾರನಿಗೆ ಈಸು ಬರಬೇಕು. ಮುಳುಗಿ ತಳ ಮುಟ್ಟಿ ಬರಬೇಕು’ ಎಂದು ಹೇಳಿದೆ. ಬರೆದಳು. ಬರೆದು ಮುಗಿಸಿ ನನ್ನ ಮುಖ ನೋಡಿದಳು.

‘ಇಷ್ಟು ಸಣ್ಣ ಮಾತು ಅವತ್ತ ಯಾಕ ಬರೀಲಿಲ್ರಿ?’

ಕೈ ಮುರಿದಿತ್ತು ಎನ್ನೋಣವೆಂದರೆ, ಅವತ್ತು ಅದು ನೆಟ್ಟಗೇ ಇತ್ತು.